ಕಡತ ಸುಟ್ಟ ಪಾದ್ರಿ ಅಹಿಂಸಾವಾದಿ ಹೇಗಾಗ್ತಾರೆ?

ಪ್ರಶ್ನೆ: ಅಮೆರಿಕದ ಪಾದ್ರಿ ಡೇನಿಯಲ್ ಬೆರಿಗನ್ ಅವರನ್ನು ಶಾಂತಿವಾದಿ ಅಂತಾರೆ. ಆದರೆ ಅವರು ಸರ್ಕಾರಿ ಕಚೇರಿಗೆ ನುಗ್ಗಿ ಕಡತ ಸುಟ್ಟವರು. ಅದು ಹಿಂಸೆ ಅಲ್ವಾ?

ಉತ್ತರ: ಅಲ್ಲಿ ಸುಟ್ಟದ್ದೇನು ಅಂತ ಮೊದಲು ನೋಡೋಣ. 1968ರ ಮೇ 17, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕೇಟನ್ಸ್‌ವಿಲ್. ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಕಡ್ಡಾಯವಾಗಿ ಸೇನೆಗೆ ಕರೆಸುವ ಕಚೇರಿ ಅಲ್ಲಿತ್ತು. ಬೆರಿಗನ್ ಮತ್ತು ಅವರ ತಮ್ಮ ಫಿಲಿಪ್ ಸೇರಿ ಒಂಬತ್ತು ಜನ ಕ್ಯಾಥೊಲಿಕರು ಹಾಡಹಗಲೇ ಒಳಗೆ ಹೋಗಿ 378 ಕಡತ ಹೊತ್ತು ತಂದರು. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಸುರಿದು ಬೆಂಕಿ ಇಟ್ಟರು. ಅದಕ್ಕೆ ಬಳಸಿದ್ದು ತಾವೇ ಮಾಡಿಕೊಂಡ ನಾಪಾಮ್, ಅಂದರೆ ಅಂಟಿಕೊಂಡು ಉರಿಯುವ ಇಂಧನ. ವಿಯೆಟ್ನಾಂ ಹಳ್ಳಿಗಳ ಮೇಲೆ ಬೀಳುತ್ತಿದ್ದದ್ದೂ ನಾಪಾಮೇ. ಆಮೇಲೆ ಓಡಿಹೋಗಲಿಲ್ಲ. ಪ್ರಾರ್ಥನೆ ಮಾಡುತ್ತಾ ಪೊಲೀಸರಿಗಾಗಿ ಕಾದರು.

ಯೇಸು ಸಭೆಯ (ಜೆಸ್ಯೂಟ್) ಪಾದ್ರಿ, ಕವಿ ಬೇರೆ; ಇಂಥವರು ಈ ಮಟ್ಟಕ್ಕೆ ಹೋದದ್ದೇಕೆ? ಆ ವರ್ಷದ ಆರಂಭದಲ್ಲೇ ಬೆರಿಗನ್ ಉತ್ತರ ವಿಯೆಟ್ನಾಂನ ರಾಜಧಾನಿ ಹನೋಯ್‌ಗೆ ಹೋಗಿದ್ದರು. ಸೆರೆಯಲ್ಲಿದ್ದ ಮೂವರು ಅಮೆರಿಕನ್ ವಾಯುಪಡೆಯವರನ್ನು ಬಿಡಿಸಿಕೊಂಡು ಬರುವ ಕೆಲಸ. ಅಲ್ಲಿ ತಮ್ಮದೇ ದೇಶದ ಬಾಂಬಿಗೆ ಹೆದರಿ ಮಕ್ಕಳ ಜೊತೆ ನೆಲದಡಿಯ ಆಸರೆಯಲ್ಲಿ ಕೂರಬೇಕಾಯಿತು. ಕೇಟನ್ಸ್‌ವಿಲ್ ಹೇಳಿಕೆಯಲ್ಲಿ ಅವರು ಕೇಳಿದ ಕ್ಷಮೆಯೂ ಇದಕ್ಕೇ ತಾಗುತ್ತದೆ: ಮಕ್ಕಳನ್ನು ಸುಡುವ ಬದಲು ಕಾಗದ ಸುಟ್ಟದ್ದಕ್ಕೆ ಕ್ಷಮಿಸಿ.

ಗಾಂಧೀಜಿ ನೆನಪಾಗುತ್ತಾರೆ, ಅಲ್ವಾ? 1908ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಅವರ ನಾಯಕತ್ವದಲ್ಲಿ ಭಾರತೀಯರು ನೋಂದಣಿ ಪತ್ರಗಳನ್ನು ದೊಡ್ಡ ಕಡಾಯಿಗೆ ಹಾಕಿ ಸುಟ್ಟರು. ಆದರೆ ಅವು ಅವರವರದೇ ಪತ್ರ. ಬೆರಿಗನ್ ಸುಟ್ಟದ್ದು ಸರ್ಕಾರದ ಕಡತ. ತಡೆಯಲು ಬಂದ ಗುಮಾಸ್ತೆಗೆ ಎಳೆದಾಟದಲ್ಲಿ ಸಣ್ಣ ಗಾಯವೂ ಆಯಿತು. ಹೀಗಾಗಿ ಸುಮ್ನೆ ‘ಇದು ಪೂರಾ ಅಹಿಂಸೆ’ ಅಂದುಬಿಡಲು ನನಗೆ ಮನಸ್ಸಿಲ್ಲ. ಬೆರಿಗನ್‌ರನ್ನು ತುಂಬ ಹಚ್ಚಿಕೊಂಡಿದ್ದ ಕ್ಯಾಥೊಲಿಕ್ ಶಾಂತಿವಾದಿ ಡೊರೊತಿ ಡೇಗೂ ಆಸ್ತಿ ಹಾಳು ಮಾಡುವ ದಾರಿ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಬೆಂಕಿಯಲ್ಲ, ಆಮೇಲಿನ ಓಟ. ಮೂರು ವರ್ಷ ಶಿಕ್ಷೆಯಾಯಿತು. 1970ರ ಏಪ್ರಿಲ್‌ನಲ್ಲಿ ಜೈಲಿಗೆ ಹಾಜರಾಗುವ ಬದಲು ತಲೆಮರೆಸಿಕೊಂಡರು. ಕಾರ್ನೆಲ್ ವಿಶ್ವವಿದ್ಯಾಲಯದ ಸಭೆಯಲ್ಲಿ ಎಲ್ಲರೆದುರು ಕಾಣಿಸಿಕೊಂಡು, ದೊಡ್ಡ ಬೊಂಬೆಯೊಳಗೆ ಹೊಕ್ಕು ಪಾರಾದರು! ತಪ್ಪಾದ ಯುದ್ಧವನ್ನು ವಿರೋಧಿಸಿದವನು ಅದರ ಶಿಕ್ಷೆಯನ್ನು ಯಾಕೆ ಒಪ್ಪಬೇಕು ಅನ್ನೋದು ಅವರ ವಾದ. ಸತ್ಯಾಗ್ರಹಿ ಶಿಕ್ಷೆಯನ್ನು ತಾನಾಗಿ ಪಡೆಯಬೇಕು ಎನ್ನುವ ಗಾಂಧಿ ಇದನ್ನು ಒಪ್ಪುತ್ತಿರಲಿಲ್ಲವೇನೋ. ನಾಲ್ಕು ತಿಂಗಳ ನಂತರ ಬ್ಲಾಕ್ ಐಲೆಂಡ್ ಎಂಬ ದ್ವೀಪದ ಸ್ನೇಹಿತರೊಬ್ಬರ ಮನೆಯಲ್ಲಿ ಸಿಕ್ಕಿಬಿದ್ದರು. ಹಿಡಿದ ಎಫ್‌ಬಿಐನವರು ಬಂದದ್ದು ಹಕ್ಕಿ ನೋಡುವವರ ವೇಷದಲ್ಲಿ.

1972ರಲ್ಲಿ ಬಿಡುಗಡೆಯಾಯಿತು. 1980ರ ಸೆಪ್ಟೆಂಬರ್‌ನಲ್ಲಿ ಮತ್ತೆ ಎಂಟು ಜನರ ಗುಂಪು. ತಮ್ಮ ಫಿಲಿಪ್ ಎಂದಿನಂತೆ ಜೊತೆಗೆ. ಪೆನ್ಸಿಲ್ವೇನಿಯಾದ ಕಾರ್ಖಾನೆಯೊಂದಕ್ಕೆ ಹೊಕ್ಕು, ಅಣು ಸಿಡಿತಲೆಯ ಮುಂಗವಚಗಳನ್ನು ಸುತ್ತಿಗೆಯಿಂದ ಬಡಿದರು. ಕತ್ತಿಗಳನ್ನು ಗುಳಗಳನ್ನಾಗಿ ಮಾಡುವರು ಎಂಬ ಬೈಬಲಿನ ಪ್ರವಾದಿ ಯೆಶಾಯನ ಮಾತೇ ಅವರಿಗೆ ಆಧಾರ. ಈ ಸಲ ಕೋರ್ಟು ಕಚೇರಿ ಹತ್ತು ವರ್ಷ ನಡೆಯಿತು. ಕೊನೆಗೆ 1990ರಲ್ಲಿ, ಆಗಲೇ ಕಳೆದ ಜೈಲುವಾಸವನ್ನು ಲೆಕ್ಕಕ್ಕೆ ಹಿಡಿದು ಬಿಟ್ಟರು. ಆಗ ಬೆರಿಗನ್‌ಗೆ 68 ವಯಸ್ಸು.