ಬೆಚ್ಚಗೆ ಮಲಗಿ, ಕಿಟಕಿ ಪೂರ್ತಿ ಮುಚ್ಚಬೇಡಿ

ಜನವರಿಯಲ್ಲಿ ಲೇಹ್‌ಗೆ ಹೊರಟ ನಮ್ಮ ಕಡೆಯವರು ಫೋನ್ ಮಾಡಿ ಕೇಳುವುದು ಒಂದೇ: "ಡಾಕ್ಟ್ರೇ, ಸ್ವೆಟರ್ ಎಷ್ಟು ತರಬೇಕು?" ಎರಡು ಜಾಸ್ತಿನೇ ತನ್ನಿ. ಆದರೆ ಇಲ್ಲಿ ಕೆಲವು ಚಳಿಗಾಲ ರೋಗಿಗಳನ್ನು ನೋಡಿದ ಮೇಲೆ ನಾನು ಮೊದಲು ಮಾತಾಡುವುದು ಮಲಗುವ ಕೋಣೆಯ ಬಗ್ಗೆ.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ರಾತ್ರಿ ಮೈನಸ್ 20 ಡಿಗ್ರಿ ಹತ್ತಿರಕ್ಕೆ ಇಳಿಯುವುದುಂಟು. ಇಡೀ ಮನೆಯನ್ನು ಬೆಚ್ಚಗಿಡುವ ಗೋಜಿಗೆ ಇಲ್ಲಿಯವರು ಹೋಗುವುದಿಲ್ಲ. ಚಳಿಗಾಲ ಮುಗಿಯುವವರೆಗೆ ಅಡುಗೆಮನೆಯೇ ಮನೆ. ಊಟ, ಮಕ್ಕಳ ಓದು, ನಿದ್ದೆ ಎಲ್ಲ ಅಲ್ಲೇ. ನಡುವೆ ಬುಖಾರಿ, ಅಂದರೆ ತಗಡಿನ ಒಲೆ. ಅದಕ್ಕೆ ಕಟ್ಟಿಗೆ, ಬೆರಣಿ. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ ಅಂತ ಮೊದಲೇ ಖಾಲಿ ಮಾಡಿಬಿಡುತ್ತಾರೆ. ಆಮೇಲೆ ಕ್ಯಾನಿನಲ್ಲಿ ಹೊತ್ತು ತರುವುದೇ. ತರಕಾರಿ ಅಂದರೆ ಬೇಸಿಗೆಯಲ್ಲಿ ಒಣಗಿಸಿದ ಸೊಪ್ಪು, ನೆಲದಲ್ಲಿ ಹೂತಿಟ್ಟ ಆಲೂಗಡ್ಡೆ, ಮೂಲಂಗಿ. ದಿನವಿಡೀ ಬೆಣ್ಣೆ, ಉಪ್ಪು ಹಾಕಿದ ಗುರ್‌ಗುರ್ ಚಹಾ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಮೈಯಿಂದ ನೀರು ಹೋಗುತ್ತಲೇ ಇರುತ್ತದೆ. ಬಿಸಿಯಾಗಿ ಏನಾದರೂ ಕುಡಿಯುತ್ತಲೇ ಇರಬೇಕು.

ಒಂದು ಬೆಳಗ್ಗೆ ಬೆಂಗಳೂರಿನ ಮೂವರು ಹುಡುಗರು ಬಂದರು. ಹೆಪ್ಪುಗಟ್ಟಿದ ಜನ್ಸ್ಕಾರ್ ನದಿಯ ಮೇಲೆ ನಡೆಯಲು ಬಂದವರು. ಮೂವರಿಗೂ ತಲೆನೋವು, ವಾಂತಿ. ಎತ್ತರ ಹಿಡಿಸಿಲ್ಲ ಅಂದುಕೊಂಡಿದ್ದರು. ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಆಕ್ಸಿಮೀಟರ್ ಕೂಡ ಹೊಸಬರಿಗೆ ಇಲ್ಲಿ ಇರುವಷ್ಟೇ ತೋರಿಸಿತು.

"ರಾತ್ರಿ ಕೋಣೆಯಲ್ಲಿ ಏನು ಉರಿಸಿದ್ರಿ?" ಅಂದೆ.

ಒಬ್ಬ ನೆಲ ನೋಡುತ್ತಾ ಹೇಳಿದ: "ಬಾಣಲೆಯಲ್ಲಿ ಸ್ವಲ್ಪ ಕೆಂಡ ಇಟ್ಕೊಂಡಿದ್ವಿ ಸಾರ್." ಕಿಟಕಿಯ ಸಂದಿಗೆ ಟವೆಲ್ ಬೇರೆ ತುರುಕಿದ್ದರು.

ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಕ್ಸಿಮೀಟರ್‌ಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಅದರ ಅಂಕಿ ನಂಬಿ ಸುಮ್ಮನಿದ್ದರೆ ಜೀವಕ್ಕೇ ಕುತ್ತು. ಒಂದೇ ಕೋಣೆಯಲ್ಲಿ ಮಲಗಿದವರಿಗೆಲ್ಲ ಒಟ್ಟಿಗೆ ತಲೆನೋವು ಬಂತಾ? ಅಂಗಳಕ್ಕೆ ಬಂದ ಮೇಲೆ ಕಡಿಮೆ ಆಯಿತಾ? ಹಾಗಿದ್ದರೆ ಮೊದಲು ಒಲೆಯ ಮೇಲೆ ಅನುಮಾನ ಪಡಿ. ಎತ್ತರದ ಕಾಯಿಲೆ ಅಂಗಳಕ್ಕೆ ಬಂದ ಮಾತ್ರಕ್ಕೆ ಇಳಿಯುವುದಿಲ್ಲ ಅಲ್ವಾ? ಎಲ್ಲರನ್ನೂ ತಕ್ಷಣ ಹೊರಗೆ ಕರೆದುಕೊಂಡು ಬನ್ನಿ, ಆಸ್ಪತ್ರೆಗೆ ಹೊರಡಿ. ಆ ಹುಡುಗರಿಗೆ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟೆವು. ಸಂಜೆಗೆ ಎದ್ದು ಕೂತರು. ಇನ್ನೆರಡು ಗಂಟೆ ತಡವಾಗಿದ್ದರೆ ಅಂತ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಹಾಗಾಗಿ ಕೆಂಡವನ್ನು ಮಲಗುವ ಕೋಣೆಗೆ ತರಲೇಬೇಡಿ. ಬುಖಾರಿ ಇದ್ದರೆ ಕೊಳವೆ ಕಟ್ಟಿಕೊಂಡಿದೆಯಾ ನೋಡಿ, ಮಲಗುವ ಮುಂಚೆ ಆರಿಸಿ. ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಬಿಸಿನೀರಿನ ಚೀಲ ತಬ್ಬಿಕೊಂಡು ಎರಡು ರಜಾಯಿ ಹೊದ್ದರೆ ಸಾಕು.

ಇನ್ನು ಕೈಬೆರಳು. ಬೆಳ್ಳಗಾಗಿ ಮರಗಟ್ಟಿದರೆ ಉಜ್ಜಬೇಡಿ, ಬೆಂಕಿಗೂ ಹಿಡಿಯಬೇಡಿ. ಸ್ಪರ್ಶವೇ ಇಲ್ಲದ ಬೆರಳು ಸುಟ್ಟರೂ ಗೊತ್ತಾಗುವುದಿಲ್ಲ. 37ರಿಂದ 39 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಅದ್ದಿಡಿ. ಥರ್ಮಾಮೀಟರ್ ಇಲ್ಲದಿದ್ದರೆ ಬೇರೆಯವರು ಮೊಣಕೈ ಇಟ್ಟು ನೋಡಲಿ, ಹಿತವಾಗಿ ಬೆಚ್ಚಗಿದ್ದರೆ ಸರಿ. ಬೆರಳು ಕೆಂಪಾಗುವಾಗ ವಿಪರೀತ ಉರಿಯುತ್ತದೆ. ಆಗ ಕೈ ಹೊರಗೆ ತೆಗೆಯಬೇಡಿ.