ಹಳ್ಳದ ಅಂತರಗಂಗೆ ಕೊಳೆಸಿ ಹಾಕಿದರೆ ಯೂರಿಯಾ ಬಿಡಬಹುದಾ?

ಪ್ರಶ್ನೆ: ನಮ್ಮದು ಗಂಗಾವತಿ ಕಡೆ ಎಡದಂಡೆ ಕಾಲುವೆಯ ಭತ್ತದ ಗದ್ದೆ. ಪಕ್ಕದ ಹಳ್ಳದ ತುಂಬ ಅಂತರಗಂಗೆ, ಅದೇ ನೇರಳೆ ಹೂವಿನ ತೇಲುವ ಕಳೆ, ಹಬ್ಬಿದೆ. ಅದನ್ನೇ ಗೊಬ್ಬರ ಮಾಡಿದರೆ ಯೂರಿಯಾ ತರುವುದು ತಪ್ಪುತ್ತದಾ?

ಪೂರ್ತಿ ತಪ್ಪುವುದಿಲ್ಲ. ಹಸಿ ಅಂತರಗಂಗೆಯಲ್ಲಿ ನೂರಕ್ಕೆ 95 ಪಾಲು ನೀರೇ. ಒಂದು ಟನ್ ಎಳೆದು ಹಾಕಿದರೆ ಒಣಗಿ ಉಳಿಯುವುದು 50 ಕಿಲೋ, ಅದರಲ್ಲಿ ಸಾರಜನಕ ಸುಮಾರು ಒಂದು ಕಿಲೋ. 45 ಕಿಲೋ ಯೂರಿಯಾ ಚೀಲದಲ್ಲಿ 20 ಕಿಲೋಗೂ ಹೆಚ್ಚಿದೆ. ಅಂದರೆ ಒಂದು ಚೀಲಕ್ಕೆ 20 ಟನ್ ಕಳೆ ಬೇಕು.

ಆದರೂ ಮಾಡಿ ಎಂದೇ ಹೇಳುತ್ತೇನೆ. ನಿಂತ ನೀರಿಗೆ ಎರಚಿದ ಯೂರಿಯಾದಲ್ಲಿ ಭತ್ತಕ್ಕೆ ದಕ್ಕುವುದು ಸಾಮಾನ್ಯವಾಗಿ ನೂರಕ್ಕೆ 30–40 ಪಾಲು ಮಾತ್ರ. ಉಳಿದದ್ದರಲ್ಲಿ ಬಹಳಷ್ಟು ನಮ್ಮ ಬಿಸಿಲಿಗೆ ಅಮೋನಿಯಾ ಆಗಿ ಹಾರುತ್ತದೆ, ಒಂದಷ್ಟು ಬಸಿನೀರಿನ ಜೊತೆ ಹಳ್ಳ ಸೇರುತ್ತದೆ. ಅಂತರಗಂಗೆ ಅಷ್ಟು ಹುಲುಸಾಗಿ ಬೆಳೆಯುವುದು ಚರಂಡಿ ನೀರಿನ ಜೊತೆ ಇದನ್ನೂ ಉಂಡೇ. ನೀವು ದುಡ್ಡು ಕೊಟ್ಟು ತಂದ ಸಾರಜನಕ ಅದು, ಗದ್ದೆಗೆ ವಾಪಸ್ ಬರಲಿ. ಗಿಡದಲ್ಲಿ ಅದು ಪ್ರೋಟೀನ್ ರೂಪದಲ್ಲಿರುವುದರಿಂದ ಮಣ್ಣಿನ ಸೂಕ್ಷ್ಮಜೀವಿಗಳು ಒಡೆದಷ್ಟೇ ಬೆಳೆಗೆ ಸಿಗುತ್ತದೆ. ಒಂದೇ ವಾರಕ್ಕೆ ಖಾಲಿಯಾಗುವುದಿಲ್ಲ. ಪೊಟ್ಯಾಷ್ ಬೇರೆ ಚೆನ್ನಾಗಿರುತ್ತದೆ.

ನೇರಳೆ ಹೂ ಬಿಡುವ ಮೊದಲೇ ಕೀಳಿ. ಬೀಜ ಉದುರಿದರೆ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಹಸಿಯಾಗಿ ಗದ್ದೆಗೆ ಹಾಕಲೇಬೇಡಿ, ಅಲ್ಲೇ ಚಿಗುರುತ್ತದೆ. ಬೇರು ಕತ್ತರಿಸಿ ಬಿಡಿ, ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಹೆಚ್ಚಾಗಿ ಸೇರುವುದು ಬೇರಿನಲ್ಲೇ. ಕಾರ್ಖಾನೆ ನೀರು ಬೀಳುವ ಜಾಗದ ಕಳೆಯಂತೂ ಬೇಡವೇ ಬೇಡ. ಉಬ್ಬಿದ ತೊಟ್ಟನ್ನು ಸೀಳಿ ನೋಡಿ, ಒಳಗೆಲ್ಲ ಗಾಳಿಯ ಗೂಡು. ಹೀಗಾಗಿ ಹಳ್ಳದ ದಂಡೆಯಲ್ಲೇ ಕೊಚ್ಚಿ ಮೂರ್ನಾಲ್ಕು ದಿನ ಬಾಡಿಸಿದರೆ ಸಾಗಿಸುವ ಗಾತ್ರವೂ ಭಾರವೂ ಎಷ್ಟೋ ಇಳಿಯುತ್ತವೆ.

ಆಮೇಲೆ ಭತ್ತದ ಹುಲ್ಲು, ಕಳೆ, ಸಗಣಿ ಪದರ ಪದರವಾಗಿ ಒಟ್ಟಿ. ಒಳಗೆ ಕೈ ಇಟ್ಟರೆ ತಡೆಯಲಾರದಷ್ಟು ಕಾವು ಬರಬೇಕು, ಬೀಜ ಸಾಯುವುದು ಆ ಕಾವಿಗೇ. ಮಗುಚುವಾಗ ಹೊರಗಿನದು ಒಳಗೆ ಹೋಗಲಿ. ಮೂಗಿಗೆ ಘಾಟು ಹೊಡೆದರೆ ಸಾರಜನಕ ಹಾರಿಹೋಗುತ್ತಿದೆ ಎಂದರ್ಥ. ಆಗ ಇನ್ನಷ್ಟು ಹುಲ್ಲು ಬೆರೆಸಿ, ಮೇಲೆ ಮಣ್ಣು ಮುಚ್ಚಿ. ಎರಡು ತಿಂಗಳಿಗೆ ಮಣ್ಣಿನ ವಾಸನೆ ಬರುತ್ತದೆ.

ಇನ್ನೊಂದು ದಾರಿ ಇದ್ದಿಲು. ಒಣ ಕಳೆಯನ್ನು ಗಾಳಿಯಾಡದಂತೆ ಮುಚ್ಚಿದ ಡ್ರಮ್ಮಿನಲ್ಲಿ ಸುಟ್ಟರೆ ಅದರ ಸಾರಜನಕ ಸಾಕಷ್ಟು ಹೋಗುತ್ತದೆ. ಆದರೆ ಆ ಇದ್ದಿಲನ್ನು ಗಂಜಲದಲ್ಲಿ ನೆನೆಸಿದರೆ ಅಮೋನಿಯಂ ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಶ್ರಮ ಜಾಸ್ತಿ, ಮೊದಲು ಕಾಂಪೋಸ್ಟನ್ನೇ ಮಾಡಿ.

ನಾಟಿಗೆ ಮುಂಚೆ ಕೆಸರು ಮಾಡುವಾಗ ಆ ಕಾಂಪೋಸ್ಟನ್ನು ಮೊದಲು ಒಂದೇ ಮಡಿಗೆ ಹಾಕಿ ನೋಡಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರ ಗಂಗಾವತಿಯಲ್ಲೇ ಇದೆ, ಎಲೆಯ ಹಸಿರನ್ನು ಹೋಲಿಸಿ ಸಾರಜನಕ ಸಾಕೇ ಎಂದು ನೋಡುವ ಎಲೆ ಬಣ್ಣದ ಪಟ್ಟಿ ಬಳಸುವುದನ್ನು ಅಲ್ಲಿ ಕೇಳಿ ತಿಳಿಯಿರಿ. ಮೇಲುಗೊಬ್ಬರದ ಹೊತ್ತಿಗೆ ಆ ಮಡಿಯ ಎಲೆ ಪಟ್ಟಿಯಲ್ಲಿ ಹೇಳಿದಷ್ಟು ಹಸಿರಿದ್ದರೆ ಆ ಸಲದ ಯೂರಿಯಾ ತಡೆಹಿಡಿಯಿರಿ. ಮಾಸಿದ್ದರೆ ಕೊಡಿ.