ಉಚ್ಚಾರಣೆಯ ಅಣಕಕ್ಕೆ ಬಾನುಲಿಯಲ್ಲಿ ಎಷ್ಟು ಜಾಗ?

ಬಾನುಲಿಯ ಹಾಸ್ಯ ರೂಪಕಗಳ ಹಸ್ತಪ್ರತಿ ತಿದ್ದಿ, ಕಲಾವಿದರನ್ನು ಧ್ವನಿಮುದ್ರಣಕ್ಕೆ ಸಿದ್ಧಗೊಳಿಸುವ ನನ್ನ ಕೆಲಸದಲ್ಲಿ ಒಂದು ಪ್ರಸಂಗ ಮತ್ತೆ ಮತ್ತೆ ಎದುರಾಗುತ್ತದೆ. ಅಪಾರ್ಟ್‌ಮೆಂಟಿನ ಕಾವಲುಗಾರನ ಪಾತ್ರವಿದ್ದರೆ ಅವನು ನೇಪಾಳಿಯ ಧಾಟಿಯಲ್ಲಿ ‘ಶಾಬ್, ಶಾಬ್’ ಎನ್ನುತ್ತಲೇ ಇರುತ್ತಾನೆ. ಗಾರೆ ಕೆಲಸದವನು ಬಂದರೆ ಅವನ ಬಾಯಲ್ಲಿ ಯಾದಗಿರಿ, ರಾಯಚೂರಿನ ಕಡೆಯ ಮಾತು, ಚಹಾ ಅಂಗಡಿಯವನು ಬಂದರೆ ಮಲಯಾಳಿಯ ಕನ್ನಡ. ವೈದ್ಯ, ವಕೀಲ, ಮೇಷ್ಟ್ರು ಮಾತ್ರ ಬೆಂಗಳೂರು–ಮೈಸೂರಿನ ಓದಿದವರ ಹಾಗೆ ಮಾತಾಡುತ್ತಾರೆ. ಇದನ್ನು ಗುರುತು ಹಾಕಿ ಹಿಂದಿರುಗಿಸಿದರೆ ಮರುದಿನ ಬರುವ ಪ್ರತಿಯಲ್ಲಿ ಎಲ್ಲರೂ ಪಠ್ಯಪುಸ್ತಕದ ಕನ್ನಡ ಆಡುತ್ತಿರುತ್ತಾರೆ, ಕಾವಲುಗಾರನ ಪಾತ್ರವೇ ಮಾಯವಾಗಿರುತ್ತದೆ. “ನೀವು ಹೇಳಿದಂತೆ ಆಡುಮಾತನ್ನೆಲ್ಲ ತೆಗೆದುಹಾಕಿದ್ದೇವೆ” ಎಂಬ ವಿವರಣೆಯೂ ಜೊತೆಗಿರುತ್ತದೆ. ನಾನು ಹೇಳಿದ್ದು ಅದಲ್ಲ. ಹೇಳಿದ್ದಕ್ಕೆ ಹೆಚ್ಚುಕಡಿಮೆ ವಿರುದ್ಧವಾದದ್ದನ್ನು ಅವರು ಮಾಡಿ ತಂದಿರುತ್ತಾರೆ.

ನಿಯಮದ ಮಾತನ್ನು ಮೊದಲು ಮುಗಿಸುತ್ತೇನೆ. ಟಿವಿ ವಾಹಿನಿಗಳಿಗೆ ಅನ್ವಯಿಸುವ 1994ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಾವಳಿಯ ಆರನೆಯ ನಿಯಮವು ಜನಾಂಗೀಯ, ಭಾಷಿಕ ಮತ್ತು ಪ್ರಾದೇಶಿಕ ಗುಂಪುಗಳನ್ನು ನಿಂದೆ, ಕುಹಕ ಅಥವಾ ದೊಡ್ಡಸ್ತಿಕೆಯ ಧೋರಣೆಯಿಂದ ಚಿತ್ರಿಸುವ ಮಾತು ಮತ್ತು ದೃಶ್ಯಗಳನ್ನು ನಿಷೇಧಿಸುತ್ತದೆ. ಆಕಾಶವಾಣಿಯ ಸಂಹಿತೆಯು ಧರ್ಮಗಳ ಮತ್ತು ಸಮುದಾಯಗಳ ಮೇಲಿನ ಆಕ್ರಮಣವನ್ನು ತಡೆಯುತ್ತದೆ, ಖಾಸಗಿ ಎಫ್‌ಎಂ ಕೇಂದ್ರಗಳೂ ಪರವಾನಗಿಯ ಕರಾರಿನ ಪ್ರಕಾರ ಅದಕ್ಕೆ ಬದ್ಧವಾಗಿವೆ. 1990ರ ಪ್ರಸಾರ ಭಾರತಿ ಕಾಯ್ದೆಯು ದೇಶದ ವಿವಿಧ ಪ್ರದೇಶಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ತಕ್ಕ ಸ್ಥಾನ ಕೊಡುವುದನ್ನು ಸಾರ್ವಜನಿಕ ಪ್ರಸಾರದ ಕರ್ತವ್ಯವೆಂದೇ ಹೇಳುತ್ತದೆ. ಯಾವ ನಿರ್ದಿಷ್ಟ ಸಂಭಾಷಣೆ ಈ ಗೆರೆಯನ್ನು ದಾಟಿದೆ ಎಂಬುದು ಸಂದರ್ಭವನ್ನು ನೋಡಿ ನಿರ್ಧರಿಸಬೇಕಾದ ವಿಷಯ, ನಾನು ಕಾನೂನು ತಜ್ಞರ ಸ್ಥಾನದಲ್ಲಿ ನಿಂತು ಹೇಳುತ್ತಿಲ್ಲ. ಆದರೆ ಕರ್ತವ್ಯಕ್ಕೆ ಎರಡು ಮುಖಗಳಿವೆ ಎಂಬುದನ್ನು ಗಮನಿಸಬೇಕು. ಆಡುಮಾತನ್ನು ಅವಮಾನಿಸಬಾರದು, ಹಾಗೆಯೇ ಅದನ್ನು ಪ್ರಸಾರದಿಂದ ಹೊರಗೂ ಇಡಬಾರದು.

ಹೀಗಿರುವಾಗ ತೆಗೆಯಬೇಕಾದದ್ದು ಯಾವುದು, ಉಳಿಸಬೇಕಾದದ್ದು ಯಾವುದು? ಇದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಎಡವುವುದು ಇಲ್ಲಿಯೇ. ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವ ಒಬ್ಬರು ಮತ್ತು ಯಾದಗಿರಿಯಿಂದ ಬಂದ ಒಬ್ಬ ಗಾರೆ ಕೆಲಸದವನು ಇರುವ ದೃಶ್ಯವನ್ನು ತೆಗೆದುಕೊಳ್ಳಿ. ಒಂದು ಪ್ರತಿಯಲ್ಲಿ ಕೆಲಸದವನು “ಏನ್ ಮಾಡ್ಲತ್ತೀರಿ?” ಎಂದು ಕೇಳುತ್ತಾನೆ, ಮಾಲೀಕನಿಗೆ ಅರ್ಥವಾಗುವುದಿಲ್ಲ, ಅದೇ ಮಾತು ಮೂರು ಸಲ ಎಳೆದೆಳೆದು ಬರುತ್ತದೆ, ಪ್ರತಿ ಸಲವೂ ಹಿನ್ನೆಲೆಯಲ್ಲಿ ನಗುವನ್ನು ಸೇರಿಸಲಾಗುತ್ತದೆ. ಇನ್ನೊಂದು ಪ್ರತಿಯಲ್ಲಿ ಮಾಲೀಕನು ಈ ಗೋಡೆ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುತ್ತಾನೆ, ಕೆಲಸದವನು “ನೀವು ಸಾಲ ತೀರ್ಸೂ ತನಕ ನಿಂದರ್ತದ್ರೀ, ಆಮ್ಯಾಲಿಂದು ನಂಗ ಗೊತ್ತಿಲ್ರೀ” ಎನ್ನುತ್ತಾನೆ. ಎರಡೂ ದೃಶ್ಯಗಳನ್ನು ಯಾವ ಧಾಟಿಯೂ ಇಲ್ಲದ ಸಪಾಟು ಕನ್ನಡದಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಮೊದಲನೆಯದರಲ್ಲಿ ಏನೂ ಉಳಿಯುವುದಿಲ್ಲ, ಏಕೆಂದರೆ ಅಲ್ಲಿ ನಗೆಯ ವಸ್ತು ಒಂದು ಜಿಲ್ಲೆಯ ಜನ ಮಾತಾಡುವ ರೀತಿ, ಅದರ ಹೊರತು ಬೇರೇನೂ ಅಲ್ಲ. ಎರಡನೆಯದರಲ್ಲಿ ನಗು ಹಾಗೆಯೇ ಉಳಿಯುತ್ತದೆ, ಏಕೆಂದರೆ ಅದು ಆ ಮನುಷ್ಯನ ಬುದ್ಧಿಯಿಂದ ಹುಟ್ಟಿದ್ದು. ಉಳಿದ ಮೇಲೆ ಅದನ್ನು ಮತ್ತೆ ಯಾದಗಿರಿಯ ಮಾತಿಗೆ ತನ್ನಿ, ಅದರ ಸೊಗಸು ಇಮ್ಮಡಿಯಾಗುತ್ತದೆ. ಹಾಸ್ಯ ಬರೆಯುವವರಿಗೆ ನಾನು ಕೊಡುವ ಸಲಹೆ ಇಷ್ಟೇ, ಆದರೆ ಹತ್ತರಲ್ಲಿ ಎಂಟು ಜನ ಮೊದಲ ಅರ್ಧವನ್ನು ಕೇಳಿ ಎದ್ದು ಹೋಗುತ್ತಾರೆ. ಧಾಟಿಯನ್ನು ತೆಗೆದು ಓದಿ ಎಂದದ್ದು ಪರೀಕ್ಷೆಗಾಗಿ, ತೆಗೆದದ್ದನ್ನು ಹಾಗೆಯೇ ಬಿಡುವುದಕ್ಕಲ್ಲ.

ಬಾನುಲಿಯಲ್ಲಿ ಈ ಎಚ್ಚರ ರಂಗಭೂಮಿಗಿಂತ ಹೆಚ್ಚು ಬೇಕು. ವೇದಿಕೆಯ ಮೇಲೆ ನಟನ ಮುಖವಿದೆ, ನಿಲುವಿದೆ, ಮಾತಿಲ್ಲದ ಗಳಿಗೆಯಲ್ಲೂ ಪಾತ್ರಕ್ಕೆ ಘನತೆ ತರುವ ಹತ್ತು ದಾರಿಗಳಿವೆ. ಕೇಳುಗನಿಗೆ ತಲುಪುವುದು ದನಿ ಮಾತ್ರ. ಆ ದನಿಯನ್ನೇ ನಗೆಪಾಟಲು ಮಾಡಿದರೆ ಪಾತ್ರದಲ್ಲಿ ಬೇರೆ ಯಾವ ಅಂಶವೂ ಮಿಕ್ಕಿರುವುದಿಲ್ಲ. ಅದಲ್ಲದೆ ಸಭಾಂಗಣಕ್ಕೆ ಬಂದವರು ಇಷ್ಟಪಟ್ಟು ಟಿಕೆಟ್ ಕೊಂಡು ಬಂದಿರುತ್ತಾರೆ. ಬಾನುಲಿಯಾದರೋ ಹೋಟೆಲಿನ ಅಡುಗೆಮನೆಯಲ್ಲಿ, ಗ್ಯಾರೇಜಿನಲ್ಲಿ, ಬಸ್ಸಿನಲ್ಲಿ ಬೇರೆಯವರು ಹಚ್ಚಿಟ್ಟಿರುತ್ತಾರೆ, ಅಣಕಕ್ಕೆ ಗುರಿಯಾದವನು ತನ್ನ ಸಹೋದ್ಯೋಗಿಗಳ ನಡುವೆ ನಿಂತು ಅದನ್ನು ಕೇಳಬೇಕಾಗುತ್ತದೆ.

ಒಮ್ಮೆ ನನ್ನ ಕೈಗೆ ಬಂದ ರೂಪಕವೊಂದರಲ್ಲಿ ಉತ್ತರ ಕನ್ನಡದ ಸಿದ್ದಿ ಯುವಕನ ಪಾತ್ರವಿತ್ತು. ಕಲಾವಿದರು ಒಳ್ಳೆಯ ಮಿಮಿಕ್ರಿ ಪ್ರತಿಭೆ, ಶ್ರದ್ಧೆಯುಳ್ಳವರು, ಅವರ ಬಗ್ಗೆ ನನಗೆ ಈಗಲೂ ಪ್ರೀತಿಯಿದೆ. ಅವರು ಸಿನಿಮಾಗಳಲ್ಲಿ ಕೇಳಿದ ಯಾವುದೋ ಆಫ್ರಿಕನ್ ಇಂಗ್ಲಿಷಿನ ಧಾಟಿಯನ್ನು ಆ ಪಾತ್ರಕ್ಕೆ ತೊಡಿಸಿದ್ದರು. ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಈ ನೆಲಕ್ಕೆ ಬಂದು ಶತಮಾನಗಳೇ ಕಳೆದಿವೆ. ಯಲ್ಲಾಪುರ, ಹಳಿಯಾಳ, ಅಂಕೋಲಾಗಳ ಸಿದ್ದಿಗಳು ಆಡುವುದು ಕೊಂಕಣಿ ಮತ್ತು ಕನ್ನಡ, ಕೆಲವೆಡೆ ಮರಾಠಿ. ಕಲಾವಿದರು ಅನುಕರಿಸುತ್ತಿದ್ದುದು ಯಾರ ಮಾತನ್ನು? ಯಾರದ್ದೂ ಅಲ್ಲ, ಚರ್ಮದ ಬಣ್ಣಕ್ಕೆ ಅವರು ಒಂದು ದನಿಯನ್ನು ಕಲ್ಪಿಸಿಕೊಂಡಿದ್ದರು. ಹೀಗೆಂದು ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಆ ಪಾತ್ರಕ್ಕೆ ಯಲ್ಲಾಪುರದ ಕಡೆಯವರನ್ನೇ ಕರೆಸೋಣವೆಂದರು. ಬೈಲುಕುಪ್ಪೆಯಲ್ಲಿ ಹುಟ್ಟಿ ಬೆಳೆದ ಟಿಬೆಟನ್ ಹುಡುಗಿಗೆ ಒಡಕು ಕನ್ನಡವನ್ನು ಬರೆದುಕೊಡುವವರೂ ಇದೇ ದಾರಿಯಲ್ಲಿದ್ದಾರೆ.

“ನಮ್ಮ ಉಚ್ಚಾರಣೆ ಪಕ್ಕಾ ಇದೆ” ಎಂಬ ಸಮರ್ಥನೆ ನನಗೆ ತೀರ ಬೇಸರ ತರುತ್ತದೆ. ಅನುಕರಣೆ ನಿಖರವಾಗಿದ್ದರೆ ಕಲಾವಿದನ ಕಿವಿ ಚುರುಕಾಗಿದೆ ಎಂದಾಯಿತು, ಆ ದನಿಯನ್ನು ಯಾವ ಕೆಲಸಕ್ಕೆ ಬಳಸಲಾಯಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. “ಆ ಕಡೆಯ ಗೆಳೆಯರೇ ನಕ್ಕರು” ಎಂಬುದರಲ್ಲಿ ಸ್ವಲ್ಪ ಹುರುಳಿದೆ. ತಮ್ಮವರ ಮಾತನ್ನು ತಾವೇ ಆಡಿಕೊಂಡು ನಗುವುದಕ್ಕೆ ದೊಡ್ಡ ಪರಂಪರೆಯಿದೆ, ಕೈಲಾಸಂ ತಮ್ಮ ಸುತ್ತಲಿನ ವಿದ್ಯಾವಂತ ಮನೆಗಳ ಇಂಗ್ಲಿಷ್ ಬೆರೆತ ಕನ್ನಡವನ್ನೇ ನಾಟಕದ ಜೀವಾಳವಾಗಿಸಿಕೊಂಡರು. ಅಲ್ಲಿ ನಗುವವರೂ ನಗೆಗೆ ಗುರಿಯಾದವರೂ ಒಂದೇ ಜಗುಲಿಯ ಮೇಲೆ ಕುಳಿತವರು. ನಗರದ ಬಾನುಲಿ ಕೇಂದ್ರದಲ್ಲಿ ಕುಳಿತು ಕೂಲಿಗೆ ವಲಸೆ ಬಂದವನ ಮಾತನ್ನು ಅಣಕಿಸುವಾಗ ಆ ಸಮಾನತೆ ಇರುವುದಿಲ್ಲ. ಇದು ನಮಗೆ ತಿಳಿಯದ ನೋವೂ ಅಲ್ಲ. ‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ವ್ಯಂಗ್ಯ ಕಾರ್ಟೂನ್ ಸರಣಿಯಲ್ಲಿ ಭಾರತೀಯ ಅಂಗಡಿಯವನಾದ ಅಪುವಿಗೆ 1990ರಿಂದ ದನಿ ಕೊಡುತ್ತಿದ್ದವರು ಬಿಳಿಯ ನಟ ಹ್ಯಾಂಕ್ ಅಜಾರಿಯಾ. ಅದೇ ಧಾಟಿಯಲ್ಲಿ ಶಾಲೆಗಳಲ್ಲಿ ಛೇಡಿಸಿಕೊಂಡು ಬೆಳೆದ ಭಾರತೀಯ ಮೂಲದ ಮಕ್ಕಳು ದೊಡ್ಡವರಾಗಿ ಮಾತೆತ್ತಿದ ಮೇಲೆ, 2020ರಲ್ಲಿ ಅಜಾರಿಯಾ ಆ ಪಾತ್ರದಿಂದ ಹಿಂದೆ ಸರಿದರು. ಅದು ಖಾಸಗಿ ವಾಹಿನಿಯ ಕಥೆ, ಸಾರ್ವಜನಿಕರ ಹಣದಿಂದ ನಡೆಯುವ ಪ್ರಸಾರಕ್ಕೆ ಹೊಣೆ ಇನ್ನೂ ಹೆಚ್ಚು.

ಹೊಣೆ ಎಂದಾಗ ನನಗೆ 2012ರ ಆಗಸ್ಟ್ ನೆನಪಾಗುತ್ತದೆ. ವದಂತಿಗಳಿಗೆ ಹೆದರಿ ಈಶಾನ್ಯ ಭಾರತದ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿ ಹೊರಟುಹೋದರು. ಹಾಸ್ಯ ಕಾರ್ಯಕ್ರಮಗಳಿಂದ ಹಾಗಾಯಿತೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ಅಂಥ ದಿನಗಳಲ್ಲಿ ‘ಹೆದರಬೇಡಿ, ಇದು ಸುಳ್ಳು’ ಎಂದು ಹೇಳಬೇಕಾದದ್ದು ಸಾರ್ವಜನಿಕ ಪ್ರಸಾರವೇ. ತಮ್ಮ ದನಿಯನ್ನು ತಮಾಷೆಯ ಹೊತ್ತಿನಲ್ಲಿ ಮಾತ್ರ ಕೇಳಿಸಿಕೊಂಡ ಜನ ಆ ಮಾತನ್ನು ನಂಬಲು ಕಾರಣವೇನಿದೆ?

ಹಸ್ತಪ್ರತಿಯ ವಿಷಯದಲ್ಲಿ ಚರ್ಚೆಗೆ, ರಿಯಾಯಿತಿಗೆ ನಾನು ಸಿದ್ಧ, ಒಂದೊಂದು ದೃಶ್ಯಕ್ಕೂ ಒಂದೊಂದು ನ್ಯಾಯವಿರಬಹುದು. ರಿಯಾಯಿತಿ ಇಲ್ಲದ್ದು ನೇರ ಪ್ರಸಾರದ ಫೋನ್-ಇನ್ ಕಾರ್ಯಕ್ರಮ ಮಾತ್ರ. ಕುಂದಾಪುರದ ಕೇಳುಗರೊಬ್ಬರು “ಹ್ವಾಯ್” ಎಂದು ಮಾತು ಶುರುಮಾಡಿದೊಡನೆ ನಿರೂಪಕರು ಅದನ್ನೇ ಎಳೆದು ಹೇಳಿ ನಗಿಸುವುದುಂಟು. ಸಲುಗೆಯಿಂದ ಹಾಗೆ ಮಾಡಿದೆವೆಂದು ಅವರು ನಂಬಿರುತ್ತಾರೆ, ಕರೆ ಮಾಡಿದವರೂ ಸಂಕೋಚದಿಂದ ನಗುತ್ತಾರೆ. ಅಲ್ಲಿರುವುದು ಕಲ್ಪಿತ ಪಾತ್ರವಲ್ಲ, ಹೆಸರು ಮತ್ತು ಊರು ಹೇಳಿಕೊಂಡು ಕರೆ ಮಾಡಿದ ಮನುಷ್ಯ, ಅವರ ಮನೆಯವರು ಪಕ್ಕದಲ್ಲೇ ಕೇಳುತ್ತಿರುತ್ತಾರೆ. ನಾನು ತರಬೇತಿ ಕೊಡುವ ನಿರೂಪಕರಿಗೆ ಹೇಳುವುದಿಷ್ಟು: ಕೇಳುಗರ ಮಾತು ಅರ್ಥವಾಗದಿದ್ದರೆ “ಇನ್ನೊಮ್ಮೆ ಹೇಳುತ್ತೀರಾ?” ಎಂದು ನಿಮ್ಮದೇ ಕನ್ನಡದಲ್ಲಿ ಕೇಳಿ, ಅರ್ಥವಾಗಿದ್ದರೆ ಅವರು ಕೇಳಿದ್ದಕ್ಕೆ ಉತ್ತರ ಕೊಡಿ. ಅವರ ಧಾಟಿಯನ್ನು ಅವರಿಗೇ ಆಡಿ ತೋರಿಸಿದರೆ ಅವರು ಮತ್ತೆ ಕರೆ ಮಾಡುವಾಗ ಪುಸ್ತಕದ ಕನ್ನಡದಲ್ಲಿ ಅಳುಕುತ್ತಾ ಮಾತಾಡುತ್ತಾರೆ, ಇಲ್ಲವೇ ಕರೆ ಮಾಡುವುದನ್ನೇ ಬಿಡುತ್ತಾರೆ.